ನೋಂದಣಿಯಾದ ಮಾತ್ರಕ್ಕೆ ಮನೆ ನಿಮ್ಮದಾಗುವುದೇ?

ಬೆಂಗಳೂರಿನಲ್ಲಿ 80 ಲಕ್ಷ ರೂಪಾಯಿಗೆ ಒಂದು ಮನೆ ಕೊಂಡರೆ ನೋಂದಣಿಯ ದಿನ ಸರ್ಕಾರಕ್ಕೆ ಕಟ್ಟಬೇಕಾದ ಹಣ 6,08,000 ರೂಪಾಯಿ. ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಹಿಂದೆ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಒಂದಿಷ್ಟು ರಿಯಾಯಿತಿ ಇದೆ, ಆದರೆ ಆ ಬೆಲೆಗೆ ರಾಜಧಾನಿಯಲ್ಲಿ ಏನು ಸಿಗುತ್ತದೆ ಎಂದು ಕೇಳಬೇಡಿ.

ಇಷ್ಟು ಹಣ ಪಡೆದ ಸರ್ಕಾರ ಕೊಂಡವರಿಗೆ ಏನು ಭರವಸೆ ಕೊಡುತ್ತದೆ? ಮಾರಿದವನೇ ಆ ಮನೆಯ ಒಡೆಯನಾಗಿದ್ದ ಎಂಬ ಭರವಸೆಯನ್ನಂತೂ ಕೊಡುವುದಿಲ್ಲ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ದಸ್ತಾವೇಜು. ಇಂಥವರು ಇಂಥವರಿಗೆ ಇಂಥ ದಿನ ಈ ಪತ್ರ ಬರೆದುಕೊಟ್ಟರು ಎಂಬುದಕ್ಕೆ ಸರ್ಕಾರ ಸಾಕ್ಷಿ, ಅಷ್ಟೇ. ಬರೆದುಕೊಟ್ಟವರಿಗೆ ಬರೆದುಕೊಡುವ ಹಕ್ಕು ಇತ್ತೇ ಎಂಬುದು ಕೊಂಡವರ ತಲೆನೋವು. ನಮ್ಮಲ್ಲಿ ಮನೆ ಕೊಳ್ಳುವ ವ್ಯವಹಾರದ ಎಲ್ಲ ಕಷ್ಟಗಳೂ ಹುಟ್ಟುವುದು ಇಲ್ಲಿಂದ. ಒಡೆತನವನ್ನು ಸಾರಿ ಹೇಳುವ ಒಂದೇ ಒಂದು ಕಾಗದ ಈ ದೇಶದಲ್ಲಿಲ್ಲ. ಇರುವುದು ಹಲವು ಕಚೇರಿಗಳ ಹಲವು ಕಾಗದಗಳು. ಪ್ರತಿ ಕಾಗದಕ್ಕೂ ಉತ್ತರಿಸಲು ಗೊತ್ತಿರುವುದು ಒಂದೇ ಪ್ರಶ್ನೆ. ಯಾವ ಕಾಗದಕ್ಕೆ ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯದವರು ಫೈಲು ದಪ್ಪವಾದಷ್ಟೂ ಧೈರ್ಯ ತಂದುಕೊಳ್ಳುತ್ತಾರೆ.

ಋಣಭಾರ ಪ್ರಮಾಣಪತ್ರವನ್ನೇ ನೋಡೋಣ. ಎಲ್ಲರೂ ಇಸಿ ಎನ್ನುವ ಈ ಪತ್ರವನ್ನು ಈಗ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಪಡೆಯಬಹುದು. ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ದಾನ, ವಿಭಾಗಗಳ ಪಟ್ಟಿ ಅದರಲ್ಲಿ ಇರುತ್ತದೆ. ನೋಂದಣಿಯಾಗದ್ದು ಇರುವುದಿಲ್ಲ. ಬಿಳಿ ಕಾಗದದ ಮೇಲೆ ಬರೆದ ಮರಣಶಾಸನ, ಅಣ್ಣತಮ್ಮಂದಿರು ಪಂಚಾಯ್ತಿಯಲ್ಲಿ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು, ಇನ್ನೊಬ್ಬರಿಂದ ಆಗಲೇ ಮುಂಗಡ ಪಡೆದು ಬರೆದುಕೊಟ್ಟ ಕರಾರು, ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ ಇವೆಲ್ಲ ಇಸಿಯ ಕಣ್ಣಿಗೆ ಬೀಳುವುದಿಲ್ಲ. ದಾವೆ ನಡೆಯುತ್ತಿರುವ ಆಸ್ತಿಯನ್ನು ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. 'ನನಗೆ ಗೊತ್ತಿರಲಿಲ್ಲ' ಎಂದರೆ ನಡೆಯದು. ಆದ್ದರಿಂದ ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಒಮ್ಮೆ ಹುಡುಕಬೇಕು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಪ್ರಕಟಣೆಯ ಖರ್ಚು ನೋಡಿ ಹಿಂಜರಿಯುವವರಿದ್ದಾರೆ. ಒಂದು ಕಿಟಕಿಯ ಗ್ರಿಲ್ಲಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ.

ಖಾತೆಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. 'ನನ್ನ ಹೆಸರಿಗೆ ಖಾತೆ ಆಗಿದೆ' ಎಂದರೆ ಆಸ್ತಿ ನನ್ನದಾಯಿತು ಎಂದೇ ನಮ್ಮ ಜನ ನಂಬಿದ್ದಾರೆ. ಖಾತೆ ಎನ್ನುವುದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂದು ಪಾಲಿಕೆ ಬರೆದಿಟ್ಟುಕೊಂಡ ಲೆಕ್ಕ. ಅದು ಒಡೆತನದ ದಾಖಲೆಯಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಬೆಂಗಳೂರಿನ ಬಿ ಖಾತೆಯಂತೂ ಇನ್ನೂ ವಿಚಿತ್ರ. ನಕ್ಷೆ ಮಂಜೂರಾತಿ ಇಲ್ಲದ, ಭೂಪರಿವರ್ತನೆಯಾಗದ, ಅನುಮೋದಿತ ಬಡಾವಣೆಗೆ ಸೇರದ ಆಸ್ತಿಗಳಿಂದಲೂ ತೆರಿಗೆ ಬರಲಿ ಎಂದು ಬೇರೆ ಪುಸ್ತಕ ತೆರೆದರು. 1976ರ ಪಾಲಿಕೆ ಕಾಯ್ದೆಯ 108ಎ ಕಲಮು ಅದಕ್ಕೆ ಆಧಾರವಾಗಿತ್ತು. ತೆರಿಗೆ ಕಟ್ಟಿದವರು ರಸೀದಿಯನ್ನೇ ಸಕ್ರಮದ ಪತ್ರ ಎಂದುಕೊಂಡರು. ಸಕ್ರಮದ ಯೋಜನೆ ಬಂದದ್ದೂ ಉಂಟು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟದ್ದೂ ಉಂಟು. 2025ರಲ್ಲಿ ಬಿ ಖಾತೆಯನ್ನು ಎ ಖಾತೆಗೆ ಬದಲಿಸುವ ಅಭಿಯಾನ ಶುರುವಾಯಿತು. ಈ ನಡುವೆ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಇಲ್ಲವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಕೊಳ್ಳುವವರು ಗಮನಿಸಬೇಕಾದದ್ದು ಒಂದೇ: 'ಇನ್ನೇನು ಎ ಖಾತೆ ಆಗಿಬಿಡುತ್ತದೆ' ಎಂಬ ಮಾತಿಗೆ ಎ ಖಾತೆಯ ಬೆಲೆ ಕೊಡಬೇಡಿ. ಆಗುವುದಿದ್ದರೆ ಮಾರುವವರೇ ಮಾಡಿಸಿ ಮಾರಲಿ.

2024ರ ಅಕ್ಟೋಬರ್ ಕೊನೆಯಿಂದ ಬೆಂಗಳೂರಿನಲ್ಲಿ ಇ-ಖಾತೆ, ಅಂದರೆ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಶುರುವಿನಲ್ಲಿ ಜನ ಪರದಾಡಿದರು, ಕಚೇರಿಗಳಿಗೆ ಅಲೆದರು. ಆದರೂ ಈ ಬದಲಾವಣೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಒಂದೇ ಸೈಟನ್ನು ಇಬ್ಬರಿಗೆ ಮಾರುವ, ಸತ್ತವರ ಹೆಸರಿನಲ್ಲಿ ಬೇರೆ ಯಾರೋ ಬಂದು ಹೆಬ್ಬೆಟ್ಟು ಒತ್ತುವ ಮೋಸಗಳಿಗೆ ಇದರಿಂದ ಸ್ವಲ್ಪವಾದರೂ ಕಡಿವಾಣ ಬೀಳುತ್ತದೆ. ಗ್ರಾಮ ಪಂಚಾಯ್ತಿಗಳಲ್ಲಿ ಇ-ಸ್ವತ್ತಿನ 9 ಮತ್ತು 11ನೇ ನಮೂನೆಗಳು ಇದೇ ಕೆಲಸವನ್ನು 2013ರಿಂದ ಮಾಡುತ್ತಿವೆ. ಆದರೆ ಅಲ್ಲೂ 11ಎ ಮತ್ತು 11ಬಿ ಎಂಬ ಎರಡು ಬಗೆಯಿವೆ. 11ಬಿ ಕೈಗೆ ಬಂದರೆ ಸಂಭ್ರಮಿಸುವ ಮೊದಲು ನಿವೇಶನದ ಹಿಂದಿನ ಕಥೆ ಕೇಳಬೇಕು.

ಆ ಹಿಂದಿನ ಕಥೆ ಶುರುವಾಗುವುದು ಹೊಲದಿಂದ. ಈಗ ಮನೆ ನಿಂತಿರುವ ಬಹುಪಾಲು ನೆಲ ಐವತ್ತು ವರ್ಷದ ಹಿಂದೆ ರಾಗಿ ಬೆಳೆಯುತ್ತಿತ್ತು. ಅದು ನಿವೇಶನವಾಗಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶ ಬೇಕು, ಯೋಜನಾ ಪ್ರಾಧಿಕಾರ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡಬೇಕು. ಇವೆರಡೂ ಇಲ್ಲದೆ ಹೊಲಕ್ಕೆ ಸುಣ್ಣದ ಗೆರೆ ಎಳೆದು ಮಾರಿದ್ದೇ ರೆವಿನ್ಯೂ ಸೈಟು. ಪರಿವರ್ತನೆ ಆದೇಶ ಒಂದಿದ್ದರೆ ಸಾಕು ಎನ್ನುವ ಬ್ರೋಕರುಗಳೇ ಹೆಚ್ಚು. ಸಾಲದು. ಆದೇಶ ನೆಲದ ಬಳಕೆಯನ್ನು ಬದಲಿಸುತ್ತದೆ, ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆಯೇ ಎಂದು ನೋಡುವುದು ಬಡಾವಣೆಯ ನಕ್ಷೆ.

ಇನ್ನೂ ಹಿಂದಕ್ಕೆ ಹೋದರೆ ನೆಲ ಮೊದಲು ಯಾರದಾಗಿತ್ತು ಎಂಬ ಪ್ರಶ್ನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ ಎನ್ನುತ್ತದೆ 1978ರ ಪಿಟಿಸಿಎಲ್ ಕಾಯ್ದೆ. ಕೊಂಡರೆ ಆ ಕ್ರಯ ಅಸಿಂಧು, ಜಮೀನು ಮಂಜೂರಾದವರಿಗೆ ಅಥವಾ ಅವರ ವಾರಸುದಾರರಿಗೆ ಮರಳಬೇಕು. ಬಹಳ ವರ್ಷ ಬಿಟ್ಟು ಅರ್ಜಿ ಹಾಕಿದರೆ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2023ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯೇ ಇಲ್ಲ ಎಂದಿತು. ಈ ಕಾಯ್ದೆಯನ್ನು ಶಪಿಸುವ ಮಧ್ಯಮ ವರ್ಗದವರನ್ನು ನಾನು ಕಂಡಿದ್ದೇನೆ. ಸಾಲದ ಶೂಲಕ್ಕೆ ಸಿಕ್ಕ ಬಡವನಿಂದ ಪುಡಿಗಾಸಿಗೆ ಜಮೀನು ಬರೆಸಿಕೊಂಡವರು ಇದ್ದುದರಿಂದಲೇ ಈ ಕಾಯ್ದೆ ಬಂತು ಎಂಬುದನ್ನು ಅವರು ಮರೆಯುತ್ತಾರೆ. ನಾಲ್ಕು ಕೈ ಬದಲಾದ ಮೇಲೆ ಮನೆ ಕಟ್ಟಿಕೊಂಡವರ ಪಾಡೂ ಸುಳ್ಳಲ್ಲ. ಪಾರಾಗಲು ದಾರಿ ಒಂದೇ. ಮೂಲ ಮಂಜೂರಾತಿ ಕಡತ, ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ದಾಖಲೆಗಳನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ ವಕೀಲರಿಂದ ಓದಿಸಬೇಕು. ಭೂಮಿ ತಂತ್ರಾಂಶದಲ್ಲಿ ಕಾಣುವ ಪಹಣಿಗೆ ಹಿಂದಿನ ಐವತ್ತು ವರ್ಷದ ನೆನಪಿಲ್ಲ. ಗೋಮಾಳ, ಕೆರೆಯಂಗಳ, ಖರಾಬು ಜಮೀನುಗಳು ಬಯಲಾಗುವುದೂ ಈ ಹಳೆಯ ಕಡತಗಳಲ್ಲೇ.

2016ರ ಆಗಸ್ಟಿನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆಚೆ ಅವನಿ ಶೃಂಗೇರಿನಗರದಲ್ಲಿ ರಾಜಕಾಲುವೆಯ ಮೇಲಿವೆ ಎಂದು ಮನೆಗಳನ್ನು ಜೆಸಿಬಿಗಳು ಕೆಡವಿದ್ದು ಹಲವರಿಗೆ ನೆನಪಿರಬಹುದು. ಮನೆ ಕಳೆದುಕೊಂಡ ಹಲವರ ಬಳಿ ನೋಂದಾಯಿತ ಕ್ರಯಪತ್ರವಿತ್ತು, ಖಾತೆಯಿತ್ತು, ತೆರಿಗೆ ರಸೀದಿಗಳಿದ್ದವು, ಬ್ಯಾಂಕಿನ ಸಾಲವೂ ಇತ್ತು. ಇವರಲ್ಲಿ ಹಲವರು ಕೇಳದೆ ಬಿಟ್ಟದ್ದು ಗ್ರಾಮನಕ್ಷೆಯನ್ನು. ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಅದರಲ್ಲಿ ಗೆರೆ ಎಳೆದಿತ್ತು. ನಕ್ಷೆ ಮಂಜೂರು ಮಾಡಿದ ಕಚೇರಿಯೂ ಅದನ್ನು ತೆಗೆದು ನೋಡಿರಲಿಲ್ಲ, ಇಲ್ಲವೇ ನೋಡಿ ಸುಮ್ಮನಿತ್ತು. ಸೊತ್ತು ಹೋದದ್ದು ಮಾತ್ರ ಮನೆಯವರದು.

ನೆಲ ಸರಿಯಿದ್ದರೂ ಮಾರುವವರ ಕುಟುಂಬ ತೊಡಕಾಗಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕೇಂದ್ರ ಹೇಳಿದ್ದು 2005ರಲ್ಲಿ. ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ ಕರ್ನಾಟಕ 1994ರಲ್ಲೇ ಹೇಳಿತ್ತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಆ ವಿಭಾಗಕ್ಕೆ ರಕ್ಷಣೆ ಇದೆ. ಹಾಗಿದ್ದೂ 'ಅಕ್ಕಂದಿರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಅವರು ಕೇಳುವುದಿಲ್ಲ' ಎಂಬ ಮಾತು ಇವತ್ತಿಗೂ ಪ್ರತಿ ವ್ಯವಹಾರದಲ್ಲಿ ಕೇಳಿಬರುತ್ತದೆ. ಕೇಳುವುದಿಲ್ಲವಾದರೆ ಅವರು ಬಂದು ಹಕ್ಕು ಖುಲಾಸೆ ಪತ್ರಕ್ಕೋ ಕ್ರಯಪತ್ರಕ್ಕೋ ಸಹಿ ಹಾಕಲು ಏನಡ್ಡಿ? ವಂಶವೃಕ್ಷದಲ್ಲಿರುವ ಪ್ರತಿ ಹೆಸರಿನ ಎದುರು ಒಂದು ಸಹಿ ಅಥವಾ ಒಂದು ವಿವರಣೆ ಇರಬೇಕು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದ ಮೇಲೆ ಮನೆ ಕೊಂಡವರೂ ನಮ್ಮಲ್ಲಿ ಕಡಿಮೆಯಿಲ್ಲ. ಜಿಪಿಎ, ಕರಾರು, ವಿಲ್ ಈ ಮೂರನ್ನು ಸೇರಿಸಿ ಹೊಲಿದರೂ ಅದು ಕ್ರಯವಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಬರೆದುಕೊಟ್ಟವರು ತೀರಿಕೊಂಡ ದಿನ ಸಾಮಾನ್ಯವಾಗಿ ಆ ಅಧಿಕಾರವೂ ತೀರುತ್ತದೆ.

ಇನ್ನು ಹಣದ ಮಾತು. ವ್ಯವಹಾರದಲ್ಲಿ ಅತಿ ಹೆಚ್ಚು ಅವಸರ ಮಾಡಿಸುವುದು ಟೋಕನ್ ಅಡ್ವಾನ್ಸಿಗೆ. 'ಬೇರೆ ಪಾರ್ಟಿ ಕಾಯ್ತಾ ಇದ್ದಾರೆ ಸಾರ್' ಎಂಬ ಮಾತಿಗೆ ಬೆದರಿ ದಾಖಲೆ ನೋಡುವ ಮೊದಲೇ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಕರಾರು ಮಾಡಿಕೊಂಡ ಮಾತ್ರಕ್ಕೆ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಹುಟ್ಟುವುದು ಕ್ರಯ ಮಾಡಿಕೊಡಿ ಎಂದು ದಾವೆ ಹೂಡುವ ಹಕ್ಕು, ಅದಕ್ಕೂ ಮೂರು ವರ್ಷದ ಗಡುವು. ದಾಖಲೆಯಲ್ಲಿ ದೋಷ ಸಿಕ್ಕರೆ ಮುಂಗಡ ಎಷ್ಟು ದಿನದಲ್ಲಿ ವಾಪಸು, ಮಾರುವವರ ಹಳೆಯ ಸಾಲ ತೀರಿಸುವವರು ಯಾರು, ಮನೆಯಲ್ಲಿರುವ ಬಾಡಿಗೆದಾರರು ಯಾವಾಗ ಬಿಡುತ್ತಾರೆ ಎಂಬುದು ಕರಾರಿನಲ್ಲೇ ಬರಬೇಕು. ಬೆಂಗಳೂರಿನಲ್ಲಿ ಭೋಗ್ಯದ ಪದ್ಧತಿ ಇರುವುದರಿಂದ ಕೊನೆಯದು ಸಣ್ಣ ವಿಷಯವಲ್ಲ. ಇಪ್ಪತ್ತು ಲಕ್ಷ ಕೊಟ್ಟು ಭೋಗ್ಯಕ್ಕಿರುವ ಸಂಸಾರವನ್ನು ಒಳಗಿಟ್ಟುಕೊಂಡೇ ಮನೆ ಮಾರಿದರೆ ಆ ಹಣ ಯಾರು ಕೊಡಬೇಕು ಎಂಬ ಜಗಳ ಹೊಸ ಮಾಲೀಕರ ಬಾಗಿಲಿಗೇ ಬರುತ್ತದೆ.

ನಗದಿನ ಚಾಳಿ ಬಿಡಬೇಕು ಎಂದರೆ ನಗುವವರೇ ಹೆಚ್ಚು. ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಪಡೆದಷ್ಟೇ ಹಣ ದಂಡ ಬೀಳಬಹುದು. 2025ರ ಏಪ್ರಿಲಿನಲ್ಲಿ, ಬೆಂಗಳೂರಿನ ಆಸ್ತಿಯೊಂದಕ್ಕೆ 75 ಲಕ್ಷ ನಗದು ಕೊಟ್ಟಿದ್ದೇವೆ ಎಂದು ಕೋರ್ಟಿಗೆ ಹೋದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ನಿರ್ದೇಶನ ಕೊಟ್ಟಿತು. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಕೈಬದಲಾದ ಮಾತು ದಾವೆಯಲ್ಲೋ ನೋಂದಣಿಯಲ್ಲೋ ಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು. ಬೆಲೆ ಕಡಿಮೆ ತೋರಿಸಿದರೆ ಮುದ್ರಾಂಕ ಶುಲ್ಕ ಉಳಿಯುತ್ತದೆ ಎಂಬುದು ಕೊಳ್ಳುವವರ ಲೆಕ್ಕಾಚಾರ. ಅದೇ ಮನೆಯನ್ನು ಹತ್ತು ವರ್ಷದ ಮೇಲೆ ಮಾರುವಾಗ ಕಾಗದದ ಮೇಲಿನ ಕೊಂಡ ಬೆಲೆ ಕಡಿಮೆಯಿರುವುದರಿಂದ ಲಾಭ ಹೆಚ್ಚು ಕಂಡು ತೆರಿಗೆಯೂ ಹೆಚ್ಚುತ್ತದೆ. ಮಾರುವವರ ಕಪ್ಪು ಹಣದ ಭಾರವನ್ನು ಕೊಂಡವರು ಹೊತ್ತಂತೆ. ಮಾರ್ಗಸೂಚಿ ಬೆಲೆಗಿಂತ ಶೇ 10ಕ್ಕೂ ಮೀರಿ ಕಡಿಮೆ ತೋರಿಸಿದರೆ ಇಬ್ಬರಿಗೂ ತೆರಿಗೆಯ ಬಿಸಿ ತಾಗುತ್ತದೆ.

ಸಾಲದ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡಬೇಕು. ಅದೇ 80 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80, ಅಂದರೆ 64 ಲಕ್ಷ ಕೊಟ್ಟೀತು. ನೋಂದಣಿ ವೆಚ್ಚ ಅದರಲ್ಲಿ ಸೇರುವುದಿಲ್ಲ. ಹೀಗಾಗಿ ಕೈಯಿಂದ ಹಾಕಬೇಕಾದದ್ದು 16 ಲಕ್ಷವಲ್ಲ, 22 ಲಕ್ಷಕ್ಕೂ ಹೆಚ್ಚು. ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 55,540 ರೂಪಾಯಿ. ಮೊದಲ ಕಂತಿನಲ್ಲಿ 45,000ಕ್ಕೂ ಹೆಚ್ಚು ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು ಹತ್ತು ಸಾವಿರ ಚಿಲ್ಲರೆ. ಇಪ್ಪತ್ತು ವರ್ಷಕ್ಕೆ ಬಡ್ಡಿಯೇ 69 ಲಕ್ಷ ದಾಟುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ, ಆದ್ದರಿಂದ ಮೊದಲ ವರ್ಷಗಳಲ್ಲಿ ಕೈಗೆ ಬಂದ ಬೋನಸ್ಸನ್ನು ಅಸಲಿಗೆ ಹಾಕುವುದು ಜಾಣತನ. ಸಾಲ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ವಾಪಸು ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಿಂದ ನಿಯಮ ಮಾಡಿದೆ. ಕೇಳಿ ಪಡೆಯಿರಿ. ಮತ್ತೆ, 'ಬ್ಯಾಂಕೇ ಸಾಲ ಕೊಟ್ಟಿದೆ, ದಾಖಲೆ ಸರಿಯಿರಲೇಬೇಕು' ಎಂಬ ನಂಬಿಕೆ ಬೇಡ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣದ ಸುರಕ್ಷತೆಯನ್ನು. ಅವನಿ ಶೃಂಗೇರಿನಗರದಲ್ಲಿ ಮನೆ ಬಿದ್ದ ಮೇಲೂ ಸಾಲದ ಕಂತು ನಿಲ್ಲಲಿಲ್ಲ.

ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಒಂದಿಷ್ಟು ಬಲ ತಂದುಕೊಟ್ಟಿದೆ. ನೋಂದಾಯಿತ ಕರಾರಿಗೆ ಮೊದಲು ಬಿಲ್ಡರು ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಕಟ್ಟಡದ ದೋಷಕ್ಕೆ ಐದು ವರ್ಷ ಹೊಣೆ. ನೆಲದ ಹಕ್ಕಿನಲ್ಲೇ ದೋಷವಿದ್ದರೆ ಪರಿಹಾರ ಕೇಳಲು ಕಾಲಮಿತಿಯಿಲ್ಲ. ಕಾಗದದಲ್ಲಿ ಇಷ್ಟೆಲ್ಲ ಚೆನ್ನಾಗಿದೆ. ಆದರೆ ರೇರಾ ಪ್ರಾಧಿಕಾರ ಆದೇಶ ಕೊಟ್ಟ ಮೇಲೆ ಹಣ ವಸೂಲಿ ಮಾಡಬೇಕಾದವರು ಕಂದಾಯ ಅಧಿಕಾರಿಗಳು, ಕಡತ ಅವರ ಮೇಜಿನ ಮೇಲೆ ಮಲಗುತ್ತದೆ. ಗೆದ್ದವರು ಆದೇಶದ ಪ್ರತಿ ಹಿಡಿದು ಕಾಯುತ್ತಿದ್ದಾರೆ. ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದ ಫ್ಲ್ಯಾಟಿಗೆ ಕಾಲಿಡಬೇಡಿ ಎಂದು ಮೊದಲಿನಿಂದಲೂ ತಿಳಿದವರು ಹೇಳುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓಸಿ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಮೇಲೆ ಕಟ್ಟಿ ಮುಗಿಸಿದ ಮನೆಗಳ ಮುಂದೆ ಜನ ಮೀಟರಿಗಾಗಿ ಕಾದರು. ಓಸಿ ಬಂದ ಮನೆಗೆ ಜಿಎಸ್‌ಟಿಯೂ ಇಲ್ಲ, ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ 5 ಇದೆ. ಈ ಒಂದು ಕಾಗದದಲ್ಲಿ ಕಾನೂನೂ ಲೆಕ್ಕವೂ ಒಂದೇ ಮಾತು ಹೇಳುತ್ತವೆ.

ಅಪಾರ್ಟ್‌ಮೆಂಟಿನ ಜಾಗ, ಮೆಟ್ಟಿಲು, ಪಾರ್ಕಿಂಗು ಯಾರ ಸೊತ್ತು ಎಂಬುದಕ್ಕೆ ಕರ್ನಾಟಕದಲ್ಲಿ 1972ನೇ ಇಸವಿಯ ಕಾಯ್ದೆಗಳು ಎರಡಿವೆ, ಒಂದು ಅಪಾರ್ಟ್‌ಮೆಂಟ್ ಒಡೆತನದ್ದು, ಇನ್ನೊಂದು ಒಡೆತನದ ಫ್ಲ್ಯಾಟುಗಳದ್ದು. ಒಂದೇ ವರ್ಷ ಇವೆರಡೂ ಯಾಕೆ ಬೇಕಾದವೋ! ಇವೆರಡನ್ನೂ ಬಿಟ್ಟು ಬಹಳಷ್ಟು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿವೆ, ಅದು ಕಲೆ, ಸಾಹಿತ್ಯ, ದಾನಧರ್ಮದ ಸಂಘಗಳಿಗೆ ಮಾಡಿದ್ದು. ಕಟ್ಟಡ ಹಳೆಯದಾಗಿ ಕೆಡವಿ ಕಟ್ಟುವ ದಿನ ಬಂದಾಗ ನೆಲ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಪತ್ರದಲ್ಲಿ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಈಗಲೇ ನೋಡಿಕೊಳ್ಳಿ.

ಮಾರುವವರ ಕಡೆಯ ಮಾತು ಚಿಕ್ಕದು, ಆದರೆ ತಪ್ಪಿದರೆ ದುಬಾರಿ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ ಇಲ್ಲಿನ ನಿವಾಸಿಗಳು ಹಣದುಬ್ಬರ ಕಳೆದು ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಉಂಟು. 50 ಲಕ್ಷ ಮತ್ತು ಹೆಚ್ಚಿನ ಬೆಲೆಯಾದರೆ ಶೇ 1 ಹಿಡಿದು ಮಾರುವವರ ಪ್ಯಾನ್ ಸಂಖ್ಯೆಗೆ ಕಟ್ಟುವುದು ಕೊಳ್ಳುವವರ ಕೆಲಸ. ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಮಗನೋ ಮಗಳೋ ಆಗಿದ್ದರೆ ಈ ಶೇ 1ರ ನಿಯಮ ಅವರಿಗಿಲ್ಲ, ಶೇ 12.5 ಮತ್ತು ಅದರ ಮೇಲಿನ ಸರ್ಚಾರ್ಜು, ಸೆಸ್ಸು ಹಿಡಿಯಬೇಕು. ಇದು ತಿಳಿಯದೆ ಶೇ 1 ಹಿಡಿದು ಉಳಿದದ್ದನ್ನು ಕೊಟ್ಟುಬಿಟ್ಟರೆ ಇಲಾಖೆ ಬರುವುದು ಕೊಂಡವರ ಹತ್ತಿರ. ಮೈಸೂರು, ಮಂಗಳೂರಿನ ಹಳೆಯ ಮನೆಗಳಲ್ಲಿ ಹಲವನ್ನು ಈಗ ಹೀಗೆ ಹೊರದೇಶದಲ್ಲಿರುವ ಮಕ್ಕಳೇ ಮಾರುತ್ತಿದ್ದಾರೆ.

ಮನೆ ಇಟ್ಟುಕೊಂಡವರಿಗೆ ಒಂದೇ ಮಾತು. ಅಪ್ಪ ತೀರಿ ಹದಿನೈದು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಅಣ್ಣತಮ್ಮ ಅಕ್ಕತಂಗಿಯರು ಮಾತಾಡುವಂತಿರುವಾಗಲೇ ಪೌತಿ ಖಾತೆ ಮಾಡಿಸಿ ವಿಭಾಗಪತ್ರ ಬರೆಸಿಕೊಳ್ಳಿ. ವಿಲ್ ಬರೆಯಲು ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ಆದರೂ ನೋಂದಾಯಿಸುವುದು ಲೇಸು.

ಇಷ್ಟೆಲ್ಲ ಎಚ್ಚರ ಕೊಳ್ಳುವವರ ಮೇಲೇ ಬೀಳುವುದು ನ್ಯಾಯವೇ? ಅಲ್ಲ. ರೇರಾ ಕಾಯ್ದೆಯ 16ನೇ ಕಲಮು ಯೋಜನೆಯ ನೆಲದ ಹಕ್ಕಿಗೆ ವಿಮೆ ಮಾಡಿಸುವ ಮಾತನ್ನು ಹೇಳಿದೆ, ಅದು ಪುಸ್ತಕದಲ್ಲೇ ಉಳಿದಿದೆ. ಮೈಸೂರು, ಶಿವಮೊಗ್ಗಗಳಲ್ಲಿ ಮನೆ ಮನೆ ಅಳೆದು ಒಡೆತನದ ಕಾರ್ಡು ಕೊಡುವ ಯೋಜನೆಯನ್ನು ರಾಜ್ಯ ಹಿಂದೆಯೇ ಶುರುಮಾಡಿತ್ತು, ಅದನ್ನು ದಡ ಮುಟ್ಟಿಸಲಿಲ್ಲ. ಬೆಲೆಯ ಶೇ 7.6 ಪಡೆಯುವ ಸರ್ಕಾರ ಅದರಲ್ಲೊಂದು ಪಾಲನ್ನು ಮೋಸಹೋದವರ ಪರಿಹಾರ ನಿಧಿಗೆ ಇಡಬೇಕು, ತಾನೇ ಮಂಜೂರು ಮಾಡಿದ ನಕ್ಷೆಯ ತಪ್ಪಿಗೆ ತಾನೇ ಹೊಣೆ ಹೊರಬೇಕು. ಅಲ್ಲಿಯವರೆಗೆ ಬ್ರೋಕರಿಗೆ ಕೊಡುವ ಕಮಿಷನ್ನಿನ ಕಾಲು ಭಾಗವನ್ನಾದರೂ ನೀವೇ ಹುಡುಕಿಕೊಂಡ ಒಬ್ಬ ವಕೀಲರಿಗೆ ಕೊಡಿ, ಬಿಲ್ಡರು ತೋರಿಸಿದವರಿಗಲ್ಲ, ಬ್ಯಾಂಕು ಕಳಿಸಿದವರಿಗೂ ಅಲ್ಲ. ಅವರ ಅಭಿಪ್ರಾಯ ಬರಹದಲ್ಲಿ ಕೈಗೆ ಬರುವ ತನಕ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.